ಕುರ್‌ಆನ್ ಕಲಿಸುವವರನ್ನು ಆರಿಸುವಾಗ ದನಿಗಿಂತ ಮೊದಲು ಕಿವಿ ನೋಡಿ

ಮಗುವಿಗೆ ಕುರ್‌ಆನ್ ಕಲಿಸೋಕೆ ಒಳ್ಳೆಯವರು ಯಾರಾದರೂ ಇದ್ದಾರಾ ಅಂತ ವಿಚಾರಿಸಿ ನೋಡಿ. ಹೆಚ್ಚಿನವರು ಹೇಳುವುದು ಒಂದೇ ಮಾತು: "ಅವರ ಹತ್ತಿರ ಕಳಿಸಿ, ಎಂಥ ದನಿ ಗೊತ್ತಾ!" ಒಳ್ಳೆಯ ದನಿ ಯಾರಿಗೆ ಬೇಡ? ಆದರೆ ಚೆನ್ನಾಗಿ ಓದುವುದು ಒಂದು ಕೆಲಸ, ಓದಿಸುವುದು ಇನ್ನೊಂದು. ಓದಿಸುವವರಿಗೆ ಮೊದಲು ಬೇಕಾದದ್ದು ಕಿವಿ. ಮಗು ಎಲ್ಲಿ ತಡವರಿಸಿತು, ಯಾವ ಅಕ್ಷರ ನುಂಗಿತು, ಯಾಕೆ ನುಂಗಿತು ಅಂತ ಕೇಳಿಸಿಕೊಳ್ಳುವ ಕಿವಿ.

ಇದು ನಾನು ಹೊಸದಾಗಿ ಹೇಳುತ್ತಿರುವುದೇನಲ್ಲ. ಪ್ರವಾದಿ ಮುಹಮ್ಮದ್(ಸ) ಒಮ್ಮೆ ಅಬ್ದುಲ್ಲಾ ಇಬ್ನ್ ಮಸ್‌ಊದ್(ರ) ಅವರಿಗೆ, ನನಗೆ ಕುರ್‌ಆನ್ ಓದಿ ಹೇಳು ಅಂದರು. ಕುರ್‌ಆನ್ ಅವತೀರ್ಣವಾಗಿದ್ದೇ ನಿಮಗೆ, ನಿಮಗೇ ನಾನು ಓದಿ ಹೇಳುವುದಾ ಅಂತ ಅವರಿಗೆ ಸಂಕೋಚ. ಬೇರೆಯವರ ಬಾಯಿಂದ ಕೇಳುವುದು ನನಗಿಷ್ಟ ಅಂದರು ಪ್ರವಾದಿ(ಸ). ಇಬ್ನ್ ಮಸ್‌ಊದ್ ಸೂರಾ (ಅಧ್ಯಾಯ) ಅನ್ನಿಸಾ ಓದುತ್ತಾ 41ನೇ ಆಯತ್ (ವಚನ) ಮುಟ್ಟಿದಾಗ "ಈಗ ಸಾಕು" ಎಂಬ ಮಾತು ಕೇಳಿಸಿತು. ತಲೆಯೆತ್ತಿ ನೋಡಿದರೆ ಪ್ರವಾದಿಯವರ ಕಣ್ಣಲ್ಲಿ ನೀರು. ಪ್ರತಿ ರಮಝಾನಿನಲ್ಲಿ ಪ್ರವಾದಿ(ಸ) ಮತ್ತು ದೇವದೂತ ಜಿಬ್ರೀಲ್(ಅ) ಕೂತು ಕುರ್‌ಆನನ್ನು ಮತ್ತೆ ಓದಿ ನೋಡುತ್ತಿದ್ದರು, ಕೊನೆಯ ವರ್ಷ ಎರಡು ಸಲ ಓದಿದರು ಅಂತ ಹದೀಸ್‌ನಲ್ಲಿದೆ. ಒಬ್ಬರು ಓದುವುದು, ಒಬ್ಬರು ಕೇಳುವುದು. ಈ ಕಲಿಕೆ ಶುರುವಾಗಿದ್ದೇ ಹೀಗೆ.

ಹಾಗಾದರೆ ಅಂಥ ಕಿವಿ ಇರುವವರನ್ನು ಹುಡುಕುವುದು ಹೇಗೆ? ಮಕ್ಕಳಿಗಾಗಿ ಹುಡುಕುವ ಅಪ್ಪ ಅಮ್ಮಂದಿರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ದೊಡ್ಡವರಾದ ಮೇಲೆ ಕಲಿಯಲು ಕೂರುವವರಿಗೂ ಬಹುಪಾಲು ಇದೇ ಆಗುತ್ತದೆ. ಕಲಿಸುವವರು ಗಂಡಸರಾದರೂ ಹೆಂಗಸರಾದರೂ ನೋಡಬೇಕಾದದ್ದು ಬೇರೆಯಾಗುವುದಿಲ್ಲ.

ಮೊದಲು ಒಂದು ತರಗತಿಯಲ್ಲಿ ಸುಮ್ನೆ ಕೂತು ನೋಡಿ

ಸೇರಿಸುವ ಮೊದಲೇ ಅನುಮತಿ ಕೇಳಿ, ಒಂದು ಮೂಲೆಯಲ್ಲಿ ಕೂತುಕೊಳ್ಳಿ. ಉಸ್ತಾದರು ಹೇಗೆ ಓದುತ್ತಾರೆ ಅಂತ ನೋಡಬೇಡಿ. ಮಗು ತಪ್ಪು ಓದಿದಾಗ ಏನು ಮಾಡುತ್ತಾರೆ ಅಂತ ನೋಡಿ. ಒಂದು ತಪ್ಪನ್ನು ತಿದ್ದುವ ಅರ್ಧ ನಿಮಿಷ ನೋಡಿದರೆ ಸಾಕು, ಮನುಷ್ಯನ ಸ್ವಭಾವ ಅರ್ಧ ಗೊತ್ತಾಗುತ್ತದೆ.

ನಾನು ನೋಡಿದ ಒಂದು ತರಗತಿ ಹೇಳುತ್ತೇನೆ. ಎಂಟು ವರ್ಷದ ಹುಡುಗಿ ಓದುತ್ತಿದ್ದಳು. ಹೃದಯ ಅನ್ನುವ ಅರ್ಥದ 'ಕಲ್ಬ್' ಬಂತು. ಅದರ ಮೊದಲ ಅಕ್ಷರ ದೊಡ್ಡ ಕಾಫ್, ಗಂಟಲಿನ ಹತ್ತಿರ ಕಿರುನಾಲಿಗೆಯ ಬುಡದಿಂದ ಹೊರಡಬೇಕು. ಹುಡುಗಿ ನಮ್ಮ ಕನ್ನಡದ 'ಕ' ಹೇಳಿದಳು. ಹಾಗೆ ಹೇಳಿದರೆ ಅದು ಚಿಕ್ಕ ಕಾಫ್ ಆಗುತ್ತದೆ. ಚಿಕ್ಕ ಕಾಫ್ ಹಾಕಿ ಹೇಳಿದ 'ಕಲ್ಬ್' ಅಂದರೆ ಅರಬಿಯಲ್ಲಿ ನಾಯಿ!

ಉಸ್ತಾದರು 'ತಪ್ಪು' ಅನ್ನಲಿಲ್ಲ. ಬೆರಳೆತ್ತಿ ನಿಲ್ಲಿಸಿದರು, ಅಷ್ಟೇ. ಅವಳು ಹಿಂದಕ್ಕೆ ಹೋಗಿ ಮತ್ತೆ ಓದಿದಳು, ಮತ್ತೆ ಅದೇ 'ಕ'. ಆಗ ಅವರು ತಮ್ಮ ಬಾಯಿ ತೆರೆದು ನಾಲಿಗೆಯ ಹಿಂಭಾಗ ಎಲ್ಲಿಗೆ ತಾಗುತ್ತದೆ ಅಂತ ತೋರಿಸಿದರು. ಆ ಅಕ್ಷರವನ್ನಷ್ಟೇ ಎರಡು ಸಲ ಹೇಳಿದರು. ಮೂರನೇ ಸಲಕ್ಕೆ ಅವಳಿಗೂ ಬಂತು. ಅವರು ತಲೆಯಾಡಿಸಿ, "ಮುಂದೆ" ಅಂದರು. ನನಗೆ ಹೆಚ್ಚು ಹಿಡಿಸಿದ್ದು ಅವರು ಮೊದಲ ಸಲ ಸುಮ್ಮನೆ ಬೆರಳೆತ್ತಿದ್ದು. ತಪ್ಪು ಎಲ್ಲಿದೆ ಅಂತ ತಾನೇ ಹುಡುಕಲು ಮಗುವಿಗೆ ಒಂದು ಅವಕಾಶ ಸಿಕ್ಕಿತು.

ಇದಕ್ಕೆ ಪೂರ್ತಿ ವಿರುದ್ಧವಾದ ತರಗತಿಗಳೂ ಇವೆ. ಉಸ್ತಾದರು ಒಂದು ಸಾಲು ರಾಗವಾಗಿ ಓದುತ್ತಾರೆ, ಮೂವತ್ತು ಮಕ್ಕಳು ಒಟ್ಟಿಗೆ ಕೂಗುತ್ತಾರೆ. ಕೇಳಲು ಭರ್ಜರಿಯಾಗಿರುತ್ತದೆ. ಆದರೆ ಗುಂಪಿನ ದನಿಯಲ್ಲಿ ಒಂದು ಮಗುವಿನ ತಪ್ಪು ಯಾರಿಗೂ ಕೇಳಿಸುವುದಿಲ್ಲ. ಒಟ್ಟಿಗೆ ಓದಿಸಬಾರದು ಅಂತಲ್ಲ, ಶುರುವಿನಲ್ಲಿ ಅದೂ ಬೇಕು. ಜೊತೆಗೆ ಪ್ರತಿ ಮಗುವೂ ದಿನಕ್ಕೆ ಐದು ನಿಮಿಷವಾದರೂ ಒಬ್ಬಂಟಿಯಾಗಿ ಓದಿ ಒಪ್ಪಿಸಬೇಕು. ಅಲ್ಲಿ ಕೂತಿರುವಾಗ ಗಡಿಯಾರ ನೋಡಿಕೊಂಡು ಇದನ್ನು ಲೆಕ್ಕ ಹಾಕಿ.

ಆಮೇಲೆ ಒಂದು ಪ್ರಶ್ನೆ: ನೀವು ಯಾರಿಗೆ ಓದಿ ಒಪ್ಪಿಸಿದ್ದೀರಿ?

ಇದನ್ನು ಕೇಳಲು ಮುಜುಗರ ಬೇಡ. ಈ ವಿದ್ಯೆಯಲ್ಲಿ ಇದು ಮರ್ಯಾದೆಯ ಪ್ರಶ್ನೆಯೇ. ಪುಸ್ತಕ ಓದಿ ಕುರ್‌ಆನ್ ಉಚ್ಚಾರ ಕಲಿತೆ ಅಂದರೆ ಯಾರೂ ಒಪ್ಪುವುದಿಲ್ಲ. ಒಬ್ಬರ ಮುಂದೆ ಕೂತು, ಬಾಯಿ ಬಿಟ್ಟು ಓದಿ, ಅವರು ಸರಿ ಅಂದಿರಬೇಕು. ಅವರೂ ಇನ್ನೊಬ್ಬರ ಮುಂದೆ ಹಾಗೆಯೇ ಓದಿರಬೇಕು. ಈ ಸರಪಳಿಗೆ ಸನದ್ ಅನ್ನುತ್ತಾರೆ. ಪೂರ್ತಿ ಓದಿ ಒಪ್ಪಿಸಿದವರಿಗೆ ಸಿಗುವ ಅನುಮತಿ ಇಜಾಝತ್.

ಇವತ್ತು ಜಗತ್ತಿನಲ್ಲಿ ಅತಿ ಹೆಚ್ಚು ಜನ ಓದುವುದು ಹಫ್ಸ್ ಅವರ ಮೂಲಕ ಬಂದ ಓದು. ಹಫ್ಸ್ ಕಲಿತದ್ದು ಆಸಿಮ್ ಅವರಿಂದ. ಆಸಿಮ್ ಕಲಿತವರಲ್ಲಿ ಒಬ್ಬರು ಇರಾಕಿನ ಕೂಫಾದ ಅಬೂ ಅಬ್ದುರ್‍ರಹ್ಮಾನ್ ಅಸ್ಸುಲಮಿ. ಈ ಸುಲಮಿ ಖಲೀಫ ಉಸ್ಮಾನ್(ರ) ಅವರ ಕಾಲದಲ್ಲಿ ಕಲಿಸಲು ಕೂತವರು, ಮುಂದೆ ಇರಾಕಿಗೆ ಹಜ್ಜಾಜ್ ಎಂಬ ರಾಜ್ಯಪಾಲನ ಆಡಳಿತ ಬಂದಾಗಲೂ ಕಲಿಸುತ್ತಲೇ ಇದ್ದರು. "ನಿಮ್ಮಲ್ಲಿ ಉತ್ತಮರು ಕುರ್‌ಆನ್ ಕಲಿತು ಕಲಿಸುವವರು" ಅನ್ನುವ ಹದೀಸನ್ನು ಉಸ್ಮಾನ್(ರ) ಅವರಿಂದ ವರದಿ ಮಾಡಿದವರೂ ಇವರೇ. ನನ್ನನ್ನು ಈ ಜಾಗದಲ್ಲಿ ಕೂರಿಸಿದ್ದು ಈ ಮಾತೇ ಅನ್ನುತ್ತಿದ್ದರಂತೆ.

ಇಜಾಝತ್ ಇಲ್ಲದವರೆಲ್ಲ ಬೇಡ ಅಂತ ನಾನು ಹೇಳುವುದಿಲ್ಲ. ಅಕ್ಷರ ಕೂಡಿಸಿ ಓದಲು ಕಲಿಸುವ ಮಟ್ಟಕ್ಕೆ, ಒಳ್ಳೆಯವರ ಹತ್ತಿರ ಕಲಿತು ಉಚ್ಚಾರ ತಿದ್ದಿಕೊಂಡವರು ಧಾರಾಳವಾಗಿ ಸಾಕು. ಕಂಠಪಾಠಕ್ಕೆ ಇಳಿಯುವಾಗ ಮಾತ್ರ ಇನ್ನಷ್ಟು ನೋಡಿ. ಮುಖ್ಯವಾಗಿ, ನಿಮ್ಮ ಪ್ರಶ್ನೆಗೆ ಅವರು ಹೇಗೆ ಉತ್ತರಿಸುತ್ತಾರೆ ಗಮನಿಸಿ. ತಮ್ಮ ಗುರುಗಳ ಹೆಸರು ಹೇಳುವಾಗ ಮುಖ ಅರಳಿದರೆ ಒಳ್ಳೆಯ ಸೂಚನೆ. "ನನ್ನನ್ನೇ ಪರೀಕ್ಷೆ ಮಾಡ್ತೀರಾ?" ಅಂತ ಸಿಡುಕಿದರೆ, ನಾಳೆ ನಿಮ್ಮ ಮಗು ಸಂಶಯ ಕೇಳಿದಾಗಲೂ ಅದೇ ಸಿಡುಕು.

ರೆಕಾರ್ಡಿಂಗ್ ಸಾಲದಾ ಅಂತ ಕೆಲವರು ಕೇಳುತ್ತಾರೆ. ಈಜಿಪ್ಟಿನ ಖಾರಿ ಮಹಮೂದ್ ಖಲೀಲ್ ಅಲ್ ಹುಸರಿ ಇಡೀ ಕುರ್‌ಆನನ್ನು ನಿಧಾನವಾಗಿ ಓದಿ ರೆಕಾರ್ಡ್ ಮಾಡಿ ಅರವತ್ತು ವರ್ಷಗಳ ಮೇಲಾಯಿತು. ಈಗಲೂ ಕಲಿಯುವವರಿಗೆ ಅದಕ್ಕಿಂತ ಸ್ಪಷ್ಟವಾದದ್ದು ಹುಡುಕುವುದು ಕಷ್ಟ. ದಿನಾ ಕೇಳಿಸಿ. ಆದರೆ ರೆಕಾರ್ಡಿಂಗ್‌ಗೆ ಬಾಯಿ ಇದೆ, ಕಿವಿ ಇಲ್ಲ. ನಿಮ್ಮ ಮಗುವಿನ 'ಕ' ಅದಕ್ಕೆ ಕೇಳಿಸುವುದಿಲ್ಲ.

ನೀವೇ ಅಲ್‌ಫಾತಿಹಾ ಓದಿ ಒಪ್ಪಿಸಿ

ಇದು ನಾನು ಎಲ್ಲರಿಗೂ ಹೇಳುವ ಉಪಾಯ. ಮಗುವನ್ನು ಸೇರಿಸುವ ಮೊದಲು ನೀವೇ ಅವರ ಮುಂದೆ ಕೂತು, "ನನ್ನ ಅಲ್‌ಫಾತಿಹಾ ಸರಿ ಇದೆಯಾ ನೋಡ್ತೀರಾ?" ಅಂತ ಕೇಳಿ. ಕುರ್‌ಆನಿನ ಮೊದಲ ಸೂರಾ, ಏಳೇ ಆಯತ್. ದಿನಕ್ಕೆ ಹದಿನೇಳು ಸಲ ಕಡ್ಡಾಯವಾಗಿ ನಮಾಝಿನಲ್ಲಿ ಓದುವುದು. ಆದ್ದರಿಂದ ಎಲ್ಲರಿಗೂ ತಮ್ಮದು ಸರಿ ಇದೆ ಅಂತಲೇ ಧೈರ್ಯ.

ಕನ್ನಡ ನಾಲಿಗೆಗೆ ಅಲ್ಲಿ ಕೆಲವು ಕಡೆ ತೊಡಕಿದೆ. ನಮಗೆ ಸಾಮಾನ್ಯವಾಗಿ ಬಾಯಿಗೆ ಬರುವುದು ಒಂದು 'ಸ'. ಅರಬಿಯಲ್ಲಿ ನಮಗೆ 'ಸ' ಥರ ಕೇಳಿಸುವ ಅಕ್ಷರ ಮೂರು. ಸೀನ್ ಅಂದರೆ ನಮ್ಮ ಸ. ಸ್ವಾದ್ ಹೇಳುವಾಗ ನಾಲಿಗೆಯ ಹಿಂಭಾಗ ಮೇಲೆದ್ದು ದನಿ ದಪ್ಪವಾಗಬೇಕು. ಮೂರನೆಯ 'ಸಾ'ಗೆ ನಾಲಿಗೆಯ ತುದಿ ಹಲ್ಲುಗಳ ನಡುವೆ ಬರಬೇಕು. 'ಹ' ಎರಡು. ಅಲ್‌ಹಮ್ದುವಿನ ಹ ಗಂಟಲಿನ ನಡುವಿನಿಂದ ಬರುತ್ತದೆ, ಇಹ್ದಿನಾದ ಹ ಇನ್ನೂ ಆಳದಿಂದ. ಐನ್ ಅನ್ನುವ ಅಕ್ಷರವಂತೂ ನಮಗೆ ಬರೀ 'ಅ' ಥರ ಕೇಳಿಸುತ್ತದೆ. ಕನ್ನಡ ಲಿಪಿಯಲ್ಲಿ ಬರೆದ ಸೂರಾಗಳನ್ನೇ ನೆಚ್ಚಿಕೊಂಡು ಓದಬೇಡಿ ಅನ್ನುವುದು ಇದಕ್ಕೇ. ಲಿಪಿಯ ತಪ್ಪಲ್ಲ ಅದು, ಆ ಸದ್ದುಗಳಿಗೆ ನಮ್ಮಲ್ಲಿ ಅಕ್ಷರವಿಲ್ಲ.

ಎಲ್ಲ ತಪ್ಪೂ ಒಂದೇ ತೂಕದ್ದಲ್ಲ. ಕೊನೆಯ ಆಯತಿನಲ್ಲಿ 'ಅನ್‌ಅಮ್ತ' ಅಂತ ಬರುತ್ತದೆ. ಅಂದರೆ 'ನೀನು ಅನುಗ್ರಹಿಸಿದೆ'. ಬಾಯಿತಪ್ಪಿ 'ಅನ್‌ಅಮ್ತು' ಅಂದರೆ 'ನಾನು ಅನುಗ್ರಹಿಸಿದೆ' ಅಂತಾಗುತ್ತದೆ. ಒಂದು ಉಕಾರ, ಅರ್ಥವೇ ತಲೆಕೆಳಗು. ಇಂಥದ್ದಕ್ಕೆ ತಜ್ವೀದ್‌ನಲ್ಲಿ (ಕುರ್‌ಆನ್ ಉಚ್ಚಾರದ ನಿಯಮಗಳಲ್ಲಿ) ಲಹ್ನ್ ಜಲಿ, ಅಂದರೆ ಎದ್ದು ಕಾಣುವ ತಪ್ಪು ಅನ್ನುತ್ತಾರೆ. ಮೂಗಿನ ದನಿಯನ್ನು ಎಷ್ಟು ಹೊತ್ತು ಹಿಡಿಯಬೇಕೋ ಅಷ್ಟು ಹಿಡಿಯದಿದ್ದರೆ ಅದು ಲಹ್ನ್ ಖಫಿ, ಮರೆಯಲ್ಲಿರುವ ತಪ್ಪು.

ಅನುಭವ ಇರುವ ಉಸ್ತಾದರು ಮೊದಲ ದಿನ ದೊಡ್ಡ ತಪ್ಪು ಒಂದೋ ಎರಡೋ ಹಿಡಿದು ಬಿಡುತ್ತಾರೆ. ಹೊಸಬರು, ಅಥವಾ ತಮ್ಮ ಜ್ಞಾನ ತೋರಿಸಿಕೊಳ್ಳಬೇಕು ಅನ್ನುವವರು, ಹದಿನೈದು ತಪ್ಪು ಒಟ್ಟಿಗೆ ಎಣಿಸುತ್ತಾರೆ. ಎದ್ದು ಬರುವಾಗ ನಿಮಗೇ ಓದೋಕೆ ಹೆದರಿಕೆ ಆಗಿದ್ದರೆ, ಮಗುವಿನ ಗತಿ ಯೋಚಿಸಿ.

ಕೋಪ ಹೇಗಿದೆ?

ಇಲ್ಲಿ ಸ್ವಲ್ಪ ನಿಲ್ಲಬೇಕು. 'ದಂಡಂ ದಶಗುಣಂ' ಅಂತ ಬೆಳೆದವರು ನಾವು. ಚಿಕ್ಕಂದಿನಲ್ಲಿ ನಾನು ಕಲಿತ ಒಬ್ಬರ ಕೈಯಲ್ಲಿ ಯಾವಾಗಲೂ ಬೆತ್ತ ಇರುತ್ತಿತ್ತು. ತಪ್ಪಿಗೊಂದು ಏಟು. ನಾನು ಅಲ್ಲಿ ಬೇಗ ಕಲಿತ ವಿದ್ಯೆ ಒಂದೇ: ಗೊತ್ತಿಲ್ಲದ ಅಕ್ಷರ ಬಂದಾಗ ದನಿ ತಗ್ಗಿಸಿ ಗೊಣಗಿ ದಾಟುವುದು. ಅವರಿಗೆ ಕೇಳಿಸದಿದ್ದರೆ ಏಟಿಲ್ಲ. ಹೀಗೆ ಮುಚ್ಚಿಟ್ಟ ತಪ್ಪುಗಳನ್ನು ತಿದ್ದಿಕೊಳ್ಳಲು ದೊಡ್ಡವನಾದ ಮೇಲೆ ಎರಡು ವರ್ಷ ಹಿಡಿಯಿತು. ಕೇಳಿಸಿಕೊಳ್ಳಬೇಕಾದವರಿಗೇ ಕೇಳಿಸದ ಹಾಗೆ ಓದಲು ಬೆತ್ತ ಕಲಿಸುತ್ತದೆ.

ಇತಿಹಾಸಕಾರ ಇಬ್ನ್ ಖಲ್ದೂನ್ 14ನೇ ಶತಮಾನದಲ್ಲೇ ಇದನ್ನು ಬರೆದಿದ್ದಾರೆ. ಕಲಿಸುವಾಗ ಕಠೋರವಾಗಿ ನಡೆದುಕೊಂಡರೆ ಮಕ್ಕಳು, ಅದರಲ್ಲೂ ಚಿಕ್ಕವರು, ಉತ್ಸಾಹ ಕಳೆದುಕೊಳ್ಳುತ್ತಾರೆ, ಸೋಮಾರಿಗಳಾಗುತ್ತಾರೆ, ಏಟಿನ ಭಯಕ್ಕೆ ಸುಳ್ಳು ಹೇಳಲು ಕಲಿಯುತ್ತಾರೆ ಅಂತ. ನನ್ನ ಗೊಣಗಾಟವನ್ನು ಅವರು ನೋಡಿಯೇ ಬರೆದ ಹಾಗಿದೆ.

ಇನ್ನೂ ಹಿಂದಕ್ಕೆ ಹೋದರೆ ಮುಆವಿಯಾ ಇಬ್ನುಲ್ ಹಕಮ್ ಅಸ್ಸುಲಮಿ(ರ) ಅವರ ಅನುಭವ ಇದೆ. ಹೊಸದಾಗಿ ಇಸ್ಲಾಮಿಗೆ ಬಂದವರು. ನಮಾಝಿನ ನಡುವೆ ಯಾರೋ ಸೀನಿದಾಗ ಇವರು ಜೋರಾಗಿ ಹಾರೈಸಿಬಿಟ್ಟರು. ಸುತ್ತಲಿನವರು ದುರುಗುಟ್ಟಿ ನೋಡಿದರು, ತೊಡೆ ತಟ್ಟಿ ಸುಮ್ಮನಾಗಿಸಿದರು. ನಮಾಝ್ ಮುಗಿದ ಮೇಲೆ ಪ್ರವಾದಿ(ಸ) ಬೈಯಲಿಲ್ಲ, ಹೊಡೆಯಲಿಲ್ಲ. ನಮಾಝಿನಲ್ಲಿ ಜನರ ಮಾತು ಸಲ್ಲದು, ಅದು ಅಲ್ಲಾಹನ ಸ್ಮರಣೆ ಮತ್ತು ಕುರ್‌ಆನ್ ಓದುವುದಕ್ಕೆ ಇರುವುದು ಅಂತ ತಿಳಿಸಿ ಹೇಳಿದರು. ಅವರಿಗಿಂತ ಒಳ್ಳೆಯ ಕಲಿಸುವವರನ್ನು ನಾನು ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ ಅಂದರು ಮುಆವಿಯಾ.

ಮುಸ್‌ಅಬ್ ಇಬ್ನ್ ಉಮೈರ್(ರ) ನೆನಪಾಗುತ್ತಾರೆ. ಪ್ರವಾದಿ(ಸ) ಮಕ್ಕಾ ಬಿಟ್ಟು ಮದೀನಾಕ್ಕೆ ಹೋದ ಹಿಜ್ರಾಕ್ಕೆ ಮೊದಲೇ ಮದೀನಾದವರಿಗೆ ಕುರ್‌ಆನ್ ಕಲಿಸಲು ಹೋದವರು. ಅಲ್ಲಿನ ಒಬ್ಬ ಮುಖಂಡ ಉಸೈದ್ ಇಬ್ನ್ ಹುದೈರ್ ಈಟಿ ಹಿಡಿದು, ಜಾಗ ಖಾಲಿ ಮಾಡಿ ಅಂತ ಬಂದರು. ಮುಸ್‌ಅಬ್, "ಒಂದು ಗಳಿಗೆ ಕೂತು ಕೇಳಿ. ಇಷ್ಟವಾದರೆ ಒಪ್ಪಿ, ಇಲ್ಲವಾದರೆ ನಾವು ನಿಲ್ಲಿಸುತ್ತೇವೆ" ಅಂದರು. ಉಸೈದ್ ಈಟಿ ನೆಲಕ್ಕೆ ಊರಿ ಕೂತರು, ಕೇಳಿದರು, ಒಪ್ಪಿದರು. ಈಟಿ ಹಿಡಿದು ಬಂದವರ ಮುಂದೆಯೇ ಇಷ್ಟು ತಾಳ್ಮೆ. ಪಾಠ ಮರೆತ ಏಳು ವರ್ಷದ ಮಗುವಿನ ಮುಂದೆ ಬೇಡವಾ?

ಸೇರಿಸುವ ದಿನವೇ ಬಾಯಿಬಿಟ್ಟು ಹೇಳಿ: ಹೊಡೆಯಬೇಡಿ, ಏನಾದರೂ ಇದ್ದರೆ ನಮಗೆ ಹೇಳಿ. ಇನ್ನೊಂದು ವಿಷಯಕ್ಕೆ ದಾಕ್ಷಿಣ್ಯ ಬೇಡವೇ ಬೇಡ. ಪಾಠ ಬಾಗಿಲು ತೆರೆದ ಕೋಣೆಯಲ್ಲಿ, ನಾಲ್ಕು ಜನ ಓಡಾಡುವ ಕಡೆ ನಡೆಯಬೇಕು. ಮನೆಪಾಠವಾದರೆ ಹಾಲ್‌ನಲ್ಲಿ. ಆನ್‌ಲೈನ್ ಆದರೆ ಮೊಬೈಲ್ ಮನೆಯವರ ಕಣ್ಣೆದುರು, ಇಯರ್‌ಫೋನ್ ಇಲ್ಲದೆ. ಯಾರೇ ಆಗಲಿ, "ಇದನ್ನು ಮನೆಯಲ್ಲಿ ಹೇಳಬೇಡ" ಅಂದರೆ ಅವತ್ತೇ ಬಂದು ಹೇಳಬೇಕು ಅಂತ ಮಗುವಿಗೆ ಮೊದಲೇ ತಿಳಿಸಿಡಿ. ಒಳ್ಳೆಯ ಉಸ್ತಾದರಿಗೆ ಇದರಿಂದ ಬೇಜಾರಾಗುವುದಿಲ್ಲ. ನಾನು ಮಾತಾಡಿದವರಲ್ಲಿ ಹೆಚ್ಚಿನವರು, ಬಾಗಿಲು ತೆರೆದಿದ್ದರೆ ತಮಗೂ ನೆಮ್ಮದಿ ಅಂದರು.

ನಿಧಾನದ ಮಗು ಎಲ್ಲಿ ಕೂತಿದೆ?

ತರಗತಿ ನೋಡುವಾಗ ಹಿಂದಿನ ಸಾಲು ನೋಡುವುದನ್ನು ಮರೆಯಬೇಡಿ. ಚುರುಕಾದ ಮಕ್ಕಳು ಮುಂದೆ, ತೊದಲುವವರು ಗೋಡೆ ಪಕ್ಕ. ಉಸ್ತಾದರ ಕಣ್ಣು ಅಲ್ಲಿಗೂ ಹೋಗುತ್ತದಾ?

ಕುರ್‌ಆನಿನಲ್ಲಿ ಇದಕ್ಕೆ ಒಂದು ಸೂರಾವೇ ಇದೆ, 80ನೆಯದು, ಅಬಸ. ಪ್ರವಾದಿ(ಸ) ಕುರೈಶ್ ಪ್ರಮುಖರ ಜೊತೆ ಮಾತಾಡುತ್ತಿದ್ದಾಗ, ಕಣ್ಣು ಕಾಣದ ಅಬ್ದುಲ್ಲಾ ಇಬ್ನ್ ಉಮ್ಮು ಮಕ್ತೂಮ್(ರ) ಕಲಿಯುವ ಆಸೆಯಿಂದ ನಡುವೆ ಬಂದರು. ಪ್ರವಾದಿಯವರ ಹುಬ್ಬು ಗಂಟಾಯಿತು, ಮುಖ ಆಚೆ ತಿರುಗಿತು. ಬೇಡ ಅನ್ನುವವರ ಹಿಂದೆ ಬಿದ್ದು, ಓಡಿ ಬಂದವರನ್ನು ಕಡೆಗಣಿಸುವುದೇ ಎಂದು ಆ ಸೂರಾ ಎಚ್ಚರಿಸಿತು. ಆ ಹುಬ್ಬು ಗಂಟಿಕ್ಕಿದ್ದನ್ನು ಕಣ್ಣು ಕಾಣದ ಇಬ್ನ್ ಉಮ್ಮು ಮಕ್ತೂಮ್ ಕಂಡಿರಲೂ ಇಲ್ಲ!

ಕಷ್ಟಪಟ್ಟು ತಡವರಿಸಿ ಓದುವವರಿಗೆ ಎರಡು ಪಟ್ಟು ಪ್ರತಿಫಲ ಅನ್ನುವ ಹದೀಸ್ ಎಲ್ಲರಿಗೂ ಗೊತ್ತು. ಅದನ್ನು ಗೋಡೆ ಪಕ್ಕದ ಮಗುವಿನ ಕಿವಿಯಲ್ಲಿ ಹೇಳುವ ಉಸ್ತಾದರು ಸಿಕ್ಕರೆ ಬಿಡಬೇಡಿ.

ವೇಗ

"ಒಂದೇ ವರ್ಷದಲ್ಲಿ ಹಾಫಿಝ್ ಮಾಡ್ತೀವಿ", ಅಂದರೆ ಇಡೀ ಕುರ್‌ಆನ್ ಬಾಯಿಪಾಠ ಮಾಡಿಸ್ತೀವಿ, ಅನ್ನುವವರ ಹತ್ತಿರ ಸ್ವಲ್ಪ ಹುಷಾರು. ಲೆಕ್ಕ ಹಾಕಿ ನೋಡಿ. ಹೆಚ್ಚು ಬಳಕೆಯಲ್ಲಿರುವ ಮದೀನಾ ಮುಸ್‌ಹಫ್‌ನಲ್ಲಿ (ಮದೀನಾದಲ್ಲಿ ಅಚ್ಚಾಗುವ ಕುರ್‌ಆನ್ ಪ್ರತಿ) 604 ಪುಟಗಳಿವೆ. ಒಂದು ದಿನವೂ ತಪ್ಪದೆ ದಿನಕ್ಕೊಂದು ಪುಟ ಬಾಯಿಪಾಠ ಮಾಡಿದರೂ ಹತ್ತಿರ ಹತ್ತಿರ ಇಪ್ಪತ್ತು ತಿಂಗಳು. ಅದರಲ್ಲಿ ಹಳೆಯದನ್ನು ತಿರುಗಿ ಓದುವ ದಿನ ಸೇರಿಲ್ಲ. ಮಾಡುವ ಮಕ್ಕಳು ಇದ್ದಾರೆ, ಇಲ್ಲ ಅನ್ನೋದಿಲ್ಲ. ಎಲ್ಲರಿಗೂ ಆಗುತ್ತದೆ ಅನ್ನುವುದು ಸುಳ್ಳು.

ಮೊದಲೇ ಹೇಳಿದ ಕೂಫಾದ ಸುಲಮಿ ಅವರ ಗುರುಗಳು ಹತ್ತು ಆಯತ್ ಕಲಿತರೆ, ಅದರ ಅರ್ಥ ತಿಳಿದು ಹಾಗೆ ನಡೆದುಕೊಳ್ಳುವ ತನಕ ಮುಂದಿನ ಹತ್ತಕ್ಕೆ ಹೋಗುತ್ತಿರಲಿಲ್ಲವಂತೆ. ಕಟ್ಟಿದ ಹಗ್ಗ ಬಿಚ್ಚಿಕೊಂಡು ಓಡುವ ಒಂಟೆಗಿಂತ ಬೇಗ ಕುರ್‌ಆನ್ ಎದೆಯಿಂದ ಜಾರುತ್ತದೆ ಅಂತ ಪ್ರವಾದಿ(ಸ) ಎಚ್ಚರಿಸಿದ್ದಾರೆ. ಹಾಗಾಗಿ ಉಸ್ತಾದರನ್ನು ಕೇಳಬೇಕಾದ ಪ್ರಶ್ನೆ: ಹೊಸ ಪಾಠ, ಈ ವಾರದ ಪಾಠ, ತುಂಬಾ ಹಳೆಯ ಪಾಠ, ಈ ಮೂರಕ್ಕೂ ದಿನದಲ್ಲಿ ಎಷ್ಟೆಷ್ಟು ಸಮಯ? ಹೊಸತಕ್ಕೇ ಎಲ್ಲ ಸಮಯ ಅಂದರೆ ಮಗು ಮುಂದೆ ಕಟ್ಟುತ್ತಾ ಹಿಂದಿನಿಂದ ಕಳೆದುಕೊಳ್ಳುತ್ತದೆ.

ದುಡ್ಡಿನ ಮಾತು ಮೊದಲೇ ಮುಗಿಸಿ

ಇದರಲ್ಲಿ ಇಬ್ಬರಿಗೂ ನಾಚಿಕೆ. ಅವರು ಕೇಳುವುದಿಲ್ಲ, ನೀವು ಹೇಳುವುದಿಲ್ಲ, ತಿಂಗಳ ಕೊನೆಗೆ ಕವರ್‌ನಲ್ಲಿ ಏನೋ ಒಂದಿಷ್ಟು. ಕುರ್‌ಆನ್ ಕಲಿಸಿ ದುಡ್ಡು ತೆಗೆದುಕೊಳ್ಳಬಹುದಾ ಅಂತ ವಿದ್ವಾಂಸರಲ್ಲಿ ಹಳೆಯ ಚರ್ಚೆ ಇದೆ. ಹನಫಿ ಪಂಥದ ಹಿಂದಿನ ವಿದ್ವಾಂಸರು ಕೂಡದು ಅಂದಿದ್ದರು. ಆಮೇಲಿನವರು, ಹೀಗಾದರೆ ಕಲಿಸುವವರೇ ಉಳಿಯುವುದಿಲ್ಲ ಅಂತ ಒಪ್ಪಿದರು. ನೀವು ಸಂಬಳ ತೆಗೆದುಕೊಳ್ಳುವ ವಿಷಯಗಳಲ್ಲಿ ಅಲ್ಲಾಹನ ಗ್ರಂಥ ಹೆಚ್ಚು ಅರ್ಹ ಅನ್ನುವ ಹದೀಸ್ ಕೂಡ ಇದೆ. ಎಷ್ಟು, ಯಾವ ದಿನ, ರಜೆಯ ತಿಂಗಳಲ್ಲಿ ಏನು ಅಂತ ಮೊದಲೇ ಮಾತಾಡಿ. ಲೆಕ್ಕ, ಇಂಗ್ಲಿಷ್ ಟ್ಯೂಷನ್‌ಗೆ ಕೊಡುವುದಕ್ಕಿಂತ ಇದಕ್ಕೆ ಕಡಿಮೆ ಯಾಕೆ ಅಂತ ನಿಮ್ಮನ್ನು ನೀವು ಒಮ್ಮೆ ಕೇಳಿಕೊಳ್ಳಿ.

ಒಂದು ತಿಂಗಳಾದ ಮೇಲೆ

ಈಗ ಮನೆಯಲ್ಲಿ ಕಿವಿ ಕೊಡುವ ಸರದಿ ನಿಮ್ಮದು. "ಎಷ್ಟು ಪುಟ ಆಯ್ತು?" ಅನ್ನಬೇಡಿ. "ಇವತ್ತು ಕಲಿತದ್ದು ನನಗೆ ಓದು" ಅನ್ನಿ, ಹತ್ತು ನಿಮಿಷ ಮೊಬೈಲ್ ಪಕ್ಕಕ್ಕಿಟ್ಟು ಕೇಳಿ. ನಿಮಗೆ ತಜ್ವೀದ್ ಬರದಿದ್ದರೂ ಪರವಾಗಿಲ್ಲ. ಮಗು ದನಿ ಬಿಟ್ಟು ಓದುತ್ತಿದೆಯಾ, ತಪ್ಪಿದಾಗ ತಾನೇ ನಿಂತು ಹಿಂದಕ್ಕೆ ಹೋಗುತ್ತಿದೆಯಾ ಅಂತ ಮಾತ್ರ ನೋಡಿ. ಗೊಣಗುತ್ತಿದ್ದರೆ, ಪಾಠದ ಹೊತ್ತಿಗೆ ಹೊಟ್ಟೆನೋವು ಶುರುವಾಗುತ್ತಿದ್ದರೆ, ಹೋಗಿ ಇನ್ನೊಮ್ಮೆ ಆ ಮೂಲೆಯಲ್ಲಿ ಕೂತುಕೊಳ್ಳಿ.

ಸರಿಹೋಗಲಿಲ್ಲ ಅಂದರೆ ಬದಲಿಸಿ. ಅದು ಅಗೌರವ ಅಲ್ಲ. ಮಗುವಿನ ಮುಂದೆ ಉಸ್ತಾದರನ್ನು ಆಡಿಕೊಳ್ಳಬೇಡಿ, ಬಾಕಿ ಉಳಿಸಬೇಡಿ, ಫೋನ್ ಎತ್ತದೆ ತಪ್ಪಿಸಿಕೊಳ್ಳಬೇಡಿ. ಮಗುವನ್ನೂ ಕರೆದುಕೊಂಡು ಹೋಗಿ ಸಲಾಮ್ ಹೇಳಿ ಬನ್ನಿ. (ಹೊಡೆತ ಅಥವಾ ಅದಕ್ಕಿಂತ ಕೆಟ್ಟದ್ದು ಕಾರಣವಾಗಿದ್ದರೆ ಈ ಸೌಜನ್ಯವೆಲ್ಲ ಬೇಡ, ಆಡಳಿತದವರಿಗೂ ಬೇಕಾದರೆ ಪೊಲೀಸರಿಗೂ ಹೇಳಬೇಕಾದ ವಿಷಯ ಅದು.) ಹೊರಡುವ ಮೊದಲು ಎಲ್ಲಿಯವರೆಗೆ ಪಾಠ ಆಗಿದೆ, ಯಾವ ಅಕ್ಷರಗಳು ಇನ್ನೂ ಸರಿಯಾಗಬೇಕು ಅಂತ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಹೊಸ ಉಸ್ತಾದರು ಮೊದಲ ದಿನ ಕೇಳುವುದು ಅದನ್ನೇ.